ಕೈಯಿಂದ ಬಳಿದ ಕೂದಲ ಬಣ್ಣವನ್ನು ಮನೆಯಲ್ಲಿ ಕಾಪಾಡಿಕೊಳ್ಳುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಚ ಹಿಡಿದು, ಕಣ್ಣಳತೆಯನ್ನೇ ನಂಬಿ, ಕೂದಲಿನ ಆಯ್ದ ಎಳೆಗಳ ಮೇಲೆ ಬಣ್ಣವನ್ನು ಎಳೆಯುತ್ತಾ ಹೋಗುವ ಪದ್ಧತಿಗೆ ಬಲಯಾಜ್ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಗುಡಿಸುವುದು ಎಂಬ ಅರ್ಥದ ಪದದಿಂದ ಬಂದ ಈ ಹೆಸರು, ಕುಂಚ ಕೂದಲಿನ ಮೇಲೆ ಸರಿಯುವ ರೀತಿಯನ್ನೇ ಸೂಚಿಸುತ್ತದೆ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಪದ್ಧತಿಯನ್ನು ಜನ ಇಷ್ಟಪಡುವುದಕ್ಕೆ ಮುಖ್ಯ ಕಾರಣ, ಇದಕ್ಕಾಗಿ ಪದೇ ಪದೇ ಸಲೂನಿಗೆ ಓಡಬೇಕಾಗಿಲ್ಲ ಎಂಬುದು. ಆದರೆ ಎರಡು ಭೇಟಿಗಳ ನಡುವಿನ ಆ ತಿಂಗಳುಗಳಲ್ಲಿ ಬಣ್ಣದ ಹೊಣೆ ಪೂರ್ತಿಯಾಗಿ ನಿಮ್ಮ ಕೈಗೆ ಬರುತ್ತದೆ. ಆ ಅವಧಿಯಲ್ಲಿ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಬುಡದಿಂದ ತುದಿಯವರೆಗೆ ಹಚ್ಚುವ ಬಣ್ಣಕ್ಕೂ ಇದಕ್ಕೂ ಆರೈಕೆಯಲ್ಲಿ ಏನು ವ್ಯತ್ಯಾಸ?

ಇಡೀ ತಲೆಗೆ ಬಣ್ಣ ಹಚ್ಚಿಸಿದವರಿಗೆ ಬುಡದ ಚಿಂತೆ, ಬಲಯಾಜ್ ಮಾಡಿಸಿದವರಿಗೆ ತುದಿಯ ಚಿಂತೆ. ಕೂದಲು ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಇಡೀ ತಲೆಗೆ ಬಣ್ಣವಿದ್ದರೆ ಆ ಒಂದು ಸೆಂಟಿಮೀಟರ್ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಬಲಯಾಜಿನಲ್ಲಿ ಬುಡವನ್ನು ಸಹಜ ಬಣ್ಣಕ್ಕೇ ಬಿಟ್ಟು, ಕೆಳಗೆ ಇಳಿದಂತೆ ಬಣ್ಣವನ್ನು ತಿಳಿಗೊಳಿಸುತ್ತಾ ಹೋಗುವುದರಿಂದ ಹೊಸ ಬೆಳವಣಿಗೆ ಹಳೆಯದರಲ್ಲಿ ಬೆರೆತುಹೋಗುತ್ತದೆ. ಆದರೆ ಬ್ಲೀಚ್ ಬಿದ್ದಿರುವ ತುದಿಯ ಭಾಗವೇ ತಲೆಯಲ್ಲಿ ಅತ್ಯಂತ ಹಳೆಯ ಕೂದಲು ಕೂಡ ಆಗಿರುತ್ತದೆ. ಭುಜ ದಾಟಿದ ಕೂದಲಿನ ತುದಿ ಎರಡು ಮೂರು ವರ್ಷಗಳ ಬಿಸಿಲು, ಬಾಚಣಿಗೆ ಮತ್ತು ನೀರನ್ನು ಕಂಡಿರುತ್ತದೆ. ಆದ್ದರಿಂದ ಮನೆಯ ಆರೈಕೆಯ ಬಹುಪಾಲು ಕಿವಿಯಿಂದ ಕೆಳಗಿನ ಕೂದಲಿಗೇ ಸಲ್ಲಬೇಕು.

ಸಲೂನಿನಿಂದ ಬಂದಾಗ ಹದವಾದ ಕಂದು ಬಣ್ಣವಿತ್ತು. ಕೆಲವೇ ವಾರಗಳಲ್ಲಿ ಕಿತ್ತಳೆಯಾಯಿತು. ಕೆಲಸ ಕೆಟ್ಟಿದೆಯೇ?

ಬಹುತೇಕ ಸಂದರ್ಭಗಳಲ್ಲಿ ಕೆಲಸ ಕೆಟ್ಟಿರುವುದಿಲ್ಲ, ಮೇಲೆ ಹಚ್ಚಿದ್ದ ತೆಳುವಾದ ಛಾಯೆಯೊಂದು ತೊಳೆದುಹೋಗಿರುತ್ತದೆ. ಉಳಿದ ಎಲ್ಲ ಉತ್ತರಗಳೂ ಇದರ ಮೇಲೆಯೇ ನಿಂತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಗಾಢ ಬಣ್ಣದ ಕೂದಲಿನ ಮೇಲೆ ಮಾಡಿದ ಬಲಯಾಜ್ ಹಚ್ಚಿದ ಬಣ್ಣ ಎನ್ನುವುದಕ್ಕಿಂತ ತೆಗೆದ ಬಣ್ಣ ಎನ್ನುವುದೇ ಸರಿ. ಕೂದಲಿನ ಬಣ್ಣಕ್ಕೆ ಕಾರಣವಾದ ಮೆಲನಿನ್ನಿನಲ್ಲಿ ಎರಡು ಬಗೆಗಳಿವೆ: ಕಪ್ಪು ಮತ್ತು ಕಂದು ಕೊಡುವ ಯೂಮೆಲನಿನ್, ಕೆಂಪು ಮತ್ತು ಹಳದಿ ಕೊಡುವ ಫಿಯೋಮೆಲನಿನ್. ಬ್ಲೀಚ್ ಕೂದಲಿನ ಒಳಗೆ ಇಳಿದು ಮೆಲನಿನ್ನನ್ನು ಒಡೆಯುತ್ತಾ ಹೋದಂತೆ ಕಪ್ಪು ಮೊದಲು ಕೆಂಗಂದಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿಹಳದಿ. ಕಪ್ಪು ಕೂದಲನ್ನು ಜೇನು ಅಥವಾ ಕ್ಯಾರಮೆಲ್ ಬಣ್ಣಕ್ಕೆ ತರುವಾಗ ಪರಿಣತರು ಸಾಮಾನ್ಯವಾಗಿ ಕಿತ್ತಳೆ ಅಥವಾ ಕಿತ್ತಳೆ ಬೆರೆತ ಹಳದಿಯ ಹಂತದಲ್ಲಿ ಬ್ಲೀಚ್ ನಿಲ್ಲಿಸಿ, ಅದರ ಮೇಲೆ ಟೋನರ್ ಹಚ್ಚಿ ಆ ಉರಿಯುವ ಬಣ್ಣವನ್ನು ತಣಿಸುತ್ತಾರೆ. ನೀವು ಮೆಚ್ಚಿ ಮನೆಗೆ ತಂದದ್ದು ಈ ಟೋನರಿನ ಬಣ್ಣವನ್ನು. ಟೋನರ್ ನಾಲ್ಕರಿಂದ ಎಂಟು ವಾರಗಳಲ್ಲಿ ಕ್ರಮೇಣ ಇಳಿದುಹೋದಾಗ ಅಡಿಯಲ್ಲಿದ್ದ ಕಿತ್ತಳೆ ಹೊರಗೆ ಕಾಣುತ್ತದೆ. ಹಾಗಾಗಿ ಎರಡು ಭೇಟಿಗಳ ನಡುವೆ ನೀವು ಮಾಡಬೇಕಾದ ಕೆಲಸ ಎರಡೇ: ಟೋನರ್ ನಿಧಾನವಾಗಿ ಇಳಿಯುವಂತೆ ನೋಡಿಕೊಳ್ಳುವುದು, ಬ್ಲೀಚ್ ತಿಂದ ಎಳೆಗಳಲ್ಲಿ ಉಳಿದಿರುವ ಶಕ್ತಿಯನ್ನು ಕಾಯುವುದು. ಮನೆಯಲ್ಲಿ ಹೊಸದಾಗಿ ಬಣ್ಣ ತೆಗೆಯಲು ಹೋಗುವುದು ಈ ಎರಡರಲ್ಲಿ ಯಾವುದೂ ಅಲ್ಲ.

ಬಣ್ಣ ಮಾಡಿಸಿದ ಮೇಲೆ ಮೊದಲ ತಲೆಸ್ನಾನ ಯಾವಾಗ?

ಎರಡು ಮೂರು ದಿನ ಕಾಯಿರಿ ಎಂದು ಸಲೂನುಗಳಲ್ಲಿ ಹೇಳುತ್ತಾರೆ, ಅದನ್ನು ಪಾಲಿಸುವುದು ಒಳ್ಳೆಯದು. ಬ್ಲೀಚಿನ ಕ್ಷಾರಗುಣದಿಂದ ಉಬ್ಬಿದ ಕೂದಲು ತನ್ನ ಸಹಜ ಸ್ಥಿತಿಗೆ ಮರಳಲು ಬಿಡುವು ಸಿಗುತ್ತದೆ. ಅಲ್ಲದೆ ತಪ್ಪಿಸಿದ ಪ್ರತಿಯೊಂದು ತೊಳೆತವೂ ಟೋನರಿಗೆ ಲಾಭವೇ.

ವಾರಕ್ಕೆ ಎಷ್ಟು ಸಲ ತಲೆ ತೊಳೆಯಬಹುದು? ತಣ್ಣೀರೇ ಆಗಬೇಕೇ?

ಬಣ್ಣ ಕಳೆಯುವುದು ಶಾಂಪೂ ಮಾತ್ರ ಎಂದು ಹಲವರು ತಿಳಿದಿದ್ದಾರೆ, ನೀರಿನ ಪಾಲು ಅವರ ಲೆಕ್ಕಕ್ಕೇ ಬರುವುದಿಲ್ಲ. ಕೂದಲು ನೆನೆದಾಗ ಅದರ ಅಡ್ಡಗಾತ್ರ ಸುಮಾರು ಶೇಕಡಾ 15ರಷ್ಟು ಹಿಗ್ಗುತ್ತದೆ, ಹೊರಪದರದ ಚಿಪ್ಪುಗಳು ಸಡಿಲಗೊಳ್ಳುತ್ತವೆ, ಆ ಸಂದುಗಳಿಂದ ಬಣ್ಣದ ಕಣಗಳು ಹೊರಬರುತ್ತವೆ. ಬ್ಲೀಚ್ ಆಗದ ಕೂದಲಿನ ಮೇಲ್ಮೈಯಲ್ಲಿ ನೀರನ್ನು ದೂರವಿಡುವ ತೆಳುವಾದ ಕೊಬ್ಬಿನ ಪದರವೊಂದು ಇರುತ್ತದೆ. ಬ್ಲೀಚ್ ಆ ಪದರವನ್ನು ಕಿತ್ತುಹಾಕುವುದರಿಂದ ಬಳಿದ ಎಳೆಗಳು ನೀರನ್ನು ಸ್ಪಂಜಿನಂತೆ ಹೀರುತ್ತವೆ. ಇದೇ ಕಾರಣಕ್ಕೆ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತಲೆ ತೊಳೆಯದಿರುವುದು ದುಬಾರಿ ಶಾಂಪೂ ಕೊಳ್ಳುವುದಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದಿನವೂ ಬೆವರುವ ಕೆಲಸ ಅಥವಾ ವ್ಯಾಯಾಮ ಇರುವವರು ಕೂದಲನ್ನು ಎತ್ತಿ ಕಟ್ಟಿ, ನೆತ್ತಿಯ ಭಾಗವನ್ನು ಮಾತ್ರ ತೊಳೆದುಕೊಳ್ಳಬಹುದು, ಇಲ್ಲವೇ ನಡುವಿನ ದಿನಗಳಲ್ಲಿ ಬುಡಕ್ಕೆ ಮಾತ್ರ, ನೀರಿಲ್ಲದೆ ಜಿಡ್ಡು ಹೀರುವ ಡ್ರೈ ಶಾಂಪೂ ಬಳಸಬಹುದು. ನೆತ್ತಿಯಲ್ಲಿ ಹೊಟ್ಟು ಅಥವಾ ತುರಿಕೆ ಇರುವವರು ಮಾತ್ರ ಬಣ್ಣಕ್ಕಾಗಿ ತೊಳೆಯುವುದನ್ನು ಬಿಡಬಾರದು, ನೆತ್ತಿಯ ಆರೋಗ್ಯವೇ ಮೊದಲು.

ತಣ್ಣೀರು ಕೂದಲಿಗೆ ಬೀಗ ಹಾಕುತ್ತದೆ ಎನ್ನುವುದು ಉತ್ಪ್ರೇಕ್ಷೆ. ಬಿಸಿನೀರು ಬಣ್ಣವನ್ನು ಬೇಗ ಇಳಿಸುತ್ತದೆ ಎನ್ನುವುದು ಮಾತ್ರ ನಿಜ. ಉಗುರುಬೆಚ್ಚಗಿನ ನೀರು ಸಾಕು, ಚಳಿಯಲ್ಲಿ ನಡುಗುವ ಅಗತ್ಯವಿಲ್ಲ.

ಸಲ್ಫೇಟ್ ಇಲ್ಲದ ಶಾಂಪೂ ಬೇಕೇ ಬೇಕೇ?

ಇದ್ದರೆ ಒಳ್ಳೆಯದು. ಸೋಡಿಯಂ ಲಾರಿಲ್ ಸಲ್ಫೇಟಿನಂಥ ತೀಕ್ಷ್ಣವಾದ ನೊರೆಕಾರಕಗಳು ಜಿಡ್ಡನ್ನು ಪೂರ್ತಿ ತೆಗೆದು ತುದಿಗಳನ್ನು ಒರಟಾಗಿಸುತ್ತವೆ. ಆದರೆ ಸಲ್ಫೇಟ್ ಇಲ್ಲ ಎಂಬ ಒಂದು ಮಾತನ್ನೇ ನಂಬಿ ದಿನವೂ ತಲೆ ತೊಳೆದರೆ ಪ್ರಯೋಜನವಿಲ್ಲ. ಶಾಂಪೂವನ್ನು ನೆತ್ತಿಗೆ ಮಾತ್ರ ತಿಕ್ಕಿ, ನೊರೆ ಜಾರುತ್ತಾ ತುದಿಗಳನ್ನು ತೊಳೆಯಲು ಬಿಡಿ. ಕಂಡಿಷನರನ್ನು ಇದಕ್ಕೆ ತಿರುಗುಮುರುಗಾಗಿ ಹಚ್ಚಬೇಕು: ತುದಿಯಿಂದ ಆರಂಭಿಸಿ ಕಿವಿಯ ಮಟ್ಟಕ್ಕೆ ನಿಲ್ಲಿಸಬೇಕು. ಅದನ್ನು ಒಂದು ತೊಳೆತಕ್ಕೂ ಬಿಡಬಾರದು.

ನೇರಳೆ ಶಾಂಪೂ ಕೊಳ್ಳಬೇಕೋ, ನೀಲಿ ಶಾಂಪೂ ಕೊಳ್ಳಬೇಕೋ?

ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಬಣ್ಣಗಳ ಚಕ್ರದಲ್ಲಿ ಎದುರುಬದುರಾಗಿ ಕೂತ ಬಣ್ಣಗಳು ಒಂದನ್ನೊಂದು ತಣಿಸುತ್ತವೆ. ಹಳದಿಯ ಎದುರು ನೇರಳೆ, ಕಿತ್ತಳೆಯ ಎದುರು ನೀಲಿ, ಕೆಂಪಿನ ಎದುರು ಹಸಿರು. ಮಾರುಕಟ್ಟೆಯಲ್ಲಿ ನೇರಳೆ ಶಾಂಪೂ ಹೆಚ್ಚು ಪ್ರಸಿದ್ಧವಾಗಿರುವುದು ತಿಳಿಹಳದಿಯವರೆಗೆ ಬ್ಲೀಚ್ ಮಾಡಿದ ಕೂದಲಿಗಾಗಿ. ಕಪ್ಪು ಕೂದಲಿನಿಂದ ಕ್ಯಾರಮೆಲ್ ಬಣ್ಣಕ್ಕೆ ಬಂದ ಎಳೆಗಳಲ್ಲಿ ಅಡಿಯಲ್ಲಿರುವುದು ಕಿತ್ತಳೆ. ಅದಕ್ಕೆ ನೇರಳೆ ಹಚ್ಚಿದರೆ ಕೂದಲು ಒಣಗುವುದೇ ಹೊರತು ಕಿತ್ತಳೆ ಕದಲುವುದಿಲ್ಲ. ಅಲ್ಲಿ ಬೇಕಾದದ್ದು ನೀಲಿ.

ಕೊಳ್ಳುವ ಮೊದಲು ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ ನಿಂತು, ಬಳಿದ ಎಳೆಯೊಂದನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಮನೆಯ ಹಳದಿ ದೀಪದಲ್ಲಿ ಎಲ್ಲ ಬಣ್ಣವೂ ಬೆಚ್ಚಗೆ ಕಾಣುವುದರಿಂದ ಅಲ್ಲಿ ತೀರ್ಮಾನಿಸಬಾರದು. ಕಾಗದದ ಮೇಲೆ ಹಳದಿ ಕಂಡರೆ ನೇರಳೆ, ಕಿತ್ತಳೆ ಕಂಡರೆ ನೀಲಿ. ಎರಡೂ ಇದ್ದರೆ, ಅಂದರೆ ಮುಖದ ಸುತ್ತ ಹಳದಿ, ಹಿಂಬದಿಯಲ್ಲಿ ಕಿತ್ತಳೆ ಇದ್ದರೆ, ಆಯಾ ಭಾಗಕ್ಕೆ ಆಯಾ ಶಾಂಪೂ ಹಚ್ಚುವುದರಲ್ಲಿ ತಪ್ಪೇನೂ ಇಲ್ಲ. ವಾರಕ್ಕೆ ಒಂದು ಸಲ, ಎರಡರಿಂದ ಐದು ನಿಮಿಷ ಸಾಕು. ಮೊದಲ ಸಲ ಎರಡೇ ನಿಮಿಷಕ್ಕೆ ನಿಲ್ಲಿಸಿ, ಒಣಗಿದ ಮೇಲೆ ನೋಡಿ, ಮುಂದಿನ ಸಲಕ್ಕೆ ಹೊತ್ತು ನಿರ್ಧರಿಸಿ. ಟೋನರ್ ಇನ್ನೂ ಹೊಸದಾಗಿರುವ ಮೊದಲ ಎರಡು ವಾರ ಇದರ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು ಮಾತು: ಇದು ಬಣ್ಣವನ್ನು ಮೇಲೆ ಕೂರಿಸುವ ವಸ್ತುವೇ ಹೊರತು ಕೂದಲನ್ನು ತಿಳಿಗೊಳಿಸುವುದಿಲ್ಲ. ತಿಳಿಗೊಳಿಸದ ಕಪ್ಪು ಎಳೆಗಳ ಮೇಲೆ ಇದರ ಗುರುತೂ ಕಾಣುವುದಿಲ್ಲ.

ಹೆಚ್ಚು ಹೊತ್ತು ಬಿಟ್ಟು ತುದಿ ನೇರಳೆಯಾಗಿದೆ. ಏನು ಮಾಡಲಿ?

ಗಾಬರಿ ಬೇಡ. ಈ ಬಣ್ಣ ಕೂದಲಿನೊಳಗೆ ರಾಸಾಯನಿಕವಾಗಿ ಬೆಸೆದಿರುವುದಿಲ್ಲ, ಸಾಮಾನ್ಯ ಶಾಂಪೂವಿನ ಎರಡು ಮೂರು ತೊಳೆತದಲ್ಲಿ ಇಳಿಯುತ್ತದೆ. ತುದಿಗಳೇ ಮೊದಲು ನೇರಳೆಯಾಗುವುದಕ್ಕೆ ಅವು ಹೆಚ್ಚು ರಂಧ್ರಮಯವಾಗಿರುವುದು ಕಾರಣ. ಮುಂದಿನ ಸಲ ತುದಿಗೆ ಮೊದಲೇ ಸ್ವಲ್ಪ ಕಂಡಿಷನರ್ ಸವರಿ, ಅನಂತರ ಶಾಂಪೂವನ್ನು ಮಧ್ಯದ ಭಾಗಕ್ಕೆ ಹಚ್ಚಿದರೆ ಬಣ್ಣ ಸಮನಾಗಿ ಕೂರುತ್ತದೆ.

ನಮ್ಮಲ್ಲಿ ಬರುವುದು ಗಡಸು ನೀರು. ಅದರಿಂದ ಬಣ್ಣಕ್ಕೆ ತೊಂದರೆಯೇ?

ತೊಂದರೆ ಇದೆ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಬಣ್ಣ ಮಂಕಾಗುತ್ತಿದೆ ಎನ್ನುವವರಲ್ಲಿ ಕಾರಣ ಹಲವು ಸಲ ನಲ್ಲಿಯಲ್ಲೇ ಸಿಗುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬ್ಲೀಚ್ ಆದ ಎಳೆಗಳಿಗೆ ಸುಲಭವಾಗಿ ಅಂಟಿಕೊಂಡು ಕೂದಲನ್ನು ಬಿರುಸಾಗಿ, ಹೊಳಪಿಲ್ಲದಂತೆ ಮಾಡುತ್ತವೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ತಿಳಿಬಣ್ಣ ತುಕ್ಕಿನ ಕಡೆಗೆ ತಿರುಗುತ್ತದೆ. ತಾಮ್ರದ ಅಂಶ ಇನ್ನೂ ಕೆಟ್ಟದ್ದು, ಏಕೆಂದರೆ ಮುಂದಿನ ಸಲ ಹೈಡ್ರೋಜನ್ ಪೆರಾಕ್ಸೈಡ್ ಬೆರೆತ ಬ್ಲೀಚ್ ಹಚ್ಚಿದಾಗ ಕೂದಲಲ್ಲಿ ಕೂತ ತಾಮ್ರ ಆ ಪೆರಾಕ್ಸೈಡನ್ನು ಹಿಡಿತ ತಪ್ಪಿಸಿ ಒಡೆಯುತ್ತದೆ, ಅದರಿಂದ ಕೂದಲಿಗೆ ಹೆಚ್ಚಿನ ಹಾನಿಯಾಗುತ್ತದೆ.

ಇದಕ್ಕೆ ಪರಿಹಾರ ಲೋಹದ ಅಂಶಗಳನ್ನು ಹಿಡಿದು ಹೊರತರುವ ಕೀಲೇಟಿಂಗ್ ಶಾಂಪೂ. ಪದಾರ್ಥಗಳ ಪಟ್ಟಿಯಲ್ಲಿ ಇಡಿಟಿಎ (ಲೋಹದ ಅಂಶವನ್ನು ಹಿಡಿಯುವ ರಾಸಾಯನಿಕ) ಎಂಬ ಅಕ್ಷರಗಳಿರುವ ಎಲ್ಲ ಶಾಂಪೂಗಳೂ ಈ ಕೆಲಸ ಮಾಡುವುದಿಲ್ಲ, ಹಲವುಗಳಲ್ಲಿ ಅದು ಶಾಂಪೂ ಕೆಡದಿರಲೆಂದು ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಗಡಸು ನೀರಿಗೆಂದೇ ಮಾಡಿದ್ದನ್ನು ಕೇಳಿ ತರಬೇಕು. ಇದು ಟೋನರನ್ನೂ ಒಂದಿಷ್ಟು ಎಳೆದುಕೊಂಡು ಹೋಗುವುದರಿಂದ ತಿಂಗಳಿಗೊಮ್ಮೆ ಮೀರಬಾರದು. ಬಳಸಲು ಅತ್ಯುತ್ತಮ ಸಮಯವೆಂದರೆ ಟೋನರ್ ಮಾಡಿಸಲು ಹೋಗುವ ಹಿಂದಿನ ವಾರ. ಕೊನೆಯ ಒಂದು ಚೊಂಬು ನೀರನ್ನಾದರೂ ಶುದ್ಧೀಕರಿಸಿದ ನೀರಿನಿಂದ ಹಾಕಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಈಜುಕೊಳಕ್ಕೆ ಇಳಿಯಬಹುದೇ?

ಇಳಿಯಬಹುದು, ಆದರೆ ಒಣ ಕೂದಲಿನೊಂದಿಗೆ ಇಳಿಯಬೇಡಿ. ಮೊದಲೇ ಸಾದಾ ನೀರಿನಿಂದ ಪೂರ್ತಿ ನೆನೆದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ಅದರ ಮೇಲೆ ಕಂಡಿಷನರ್ ಸವರಿ, ಜಡೆ ಹೆಣೆದು, ಟೋಪಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ತಿಳಿಯಾದ ಕೂದಲು ಹಸಿರಾಗುವುದು ಕ್ಲೋರಿನ್ನಿನಿಂದಲೇ ಎಂಬ ನಂಬಿಕೆ ಸರಿಯಲ್ಲ. ನೀರಿನಲ್ಲಿರುವ ತಾಮ್ರ ಕೂದಲಿಗೆ ಅಂಟುವುದೇ ಆ ಹಸಿರಿಗೆ ಕಾರಣ. ಕೊಳದಿಂದ ಬಂದ ತಕ್ಷಣ ತೊಳೆಯಿರಿ. ಸಮುದ್ರದ ನೀರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಸ್ಟ್ರೈಟ್ನರ್, ಕರ್ಲರ್, ಡ್ರೈಯರ್ ಬಳಸದೆ ಆಗುವುದಿಲ್ಲ. ಮಿತಿ ಏನು?

ಬಳಿದ ಎಳೆಗಳಿಗೆ 150ರಿಂದ 170 ಡಿಗ್ರಿ ಸೆಲ್ಸಿಯಸ್ ದಾಟಬೇಡಿ. ಹಲವು ಉಪಕರಣಗಳು 230 ಡಿಗ್ರಿಯವರೆಗೆ ಹೋಗುತ್ತವೆ, ಆ ಬಿಸಿಯಲ್ಲಿ ಕೂದಲಿನ ಕೆರಾಟಿನ್ನೇ ರಚನೆ ಕಳೆದುಕೊಳ್ಳುತ್ತದೆ. ಬುಡದ ಸಹಜ ಕೂದಲು ತಡೆದುಕೊಳ್ಳುವ ಬಿಸಿಯನ್ನು ತುದಿ ತಡೆದುಕೊಳ್ಳುವುದಿಲ್ಲವಾದ್ದರಿಂದ ತುದಿಗೆ ಬರುವಾಗ ಕೈ ಬೇಗ ಸರಿಸಬೇಕು. ಒಂದೇ ಎಳೆಯ ಮೇಲೆ ನಾಲ್ಕು ಸಲ ಎಳೆಯುವುದಕ್ಕಿಂತ, ತೆಳುವಾಗಿ ಬಿಡಿಸಿಕೊಂಡು ಒಂದೇ ಸಲ ನಿಧಾನವಾಗಿ ಎಳೆಯುವುದು ಮೇಲು.

ಒದ್ದೆ ಕೂದಲಿಗೆ ಬಿಸಿ ಇಕ್ಕಳ ಹಚ್ಚುವುದನ್ನು ಮಾತ್ರ ದಯವಿಟ್ಟು ಎಂದಿಗೂ ಮಾಡಬೇಡಿ. ಕೂದಲಿನೊಳಗಿನ ನೀರು ಥಟ್ಟನೆ ಆವಿಯಾಗಿ ಒಳಗೇ ಗುಳ್ಳೆಗಳನ್ನು ಎಬ್ಬಿಸುತ್ತದೆ, ಆ ಜಾಗದಲ್ಲಿ ಕೂದಲು ತುಂಡಾಗುತ್ತದೆ. ಅಂಥ ಕೂದಲನ್ನು ಸರಿಪಡಿಸುವ ಔಷಧವಿಲ್ಲ, ಕತ್ತರಿಸುವುದೊಂದೇ ದಾರಿ. ಬಿಸಿಗೆ ಮೊದಲು ಹೀಟ್ ಪ್ರೊಟೆಕ್ಟರ್ ಸಿಂಪಡಿಸುವುದು ಬಣ್ಣದ ದೃಷ್ಟಿಯಿಂದಲೂ ಅಗತ್ಯ, ಏಕೆಂದರೆ ಅತಿ ಬಿಸಿಯಲ್ಲಿ ಟೋನರಿನ ತಂಪು ಛಾಯೆ ಕಣ್ಣೆದುರೇ ಹಳದಿಗೆ ತಿರುಗಬಲ್ಲದು.

ಬಿಸಿಲಿನಿಂದ ಬಣ್ಣ ಹೋಗುತ್ತದೆಯೇ?

ಹೋಗುತ್ತದೆ. ನೇರಳಾತೀತ ಕಿರಣಗಳು ಟೋನರಿನ ಕಣಗಳನ್ನೂ ಕೂದಲಿನ ಪ್ರೋಟೀನನ್ನೂ ಒಡೆಯುತ್ತವೆ. ಸಹಜ ಕೂದಲಿಗೆ ಮೆಲನಿನ್ ನೆರಳಾಗಿರುತ್ತದೆ. ಬಳಿದ ಎಳೆಗಳಲ್ಲಿ ಆ ನೆರಳನ್ನೇ ನಾವು ತೆಗೆದಿರುತ್ತೇವೆ. ಸ್ಪ್ರೇಗಳಿಗಿಂತ ತಲೆಯ ಮೇಲೊಂದು ಬಟ್ಟೆ, ಟೋಪಿ ಅಥವಾ ಕೊಡೆ ಹೆಚ್ಚು ನಂಬಿಕೆಗೆ ಅರ್ಹ.

ಎಣ್ಣೆ ಹಚ್ಚಿದರೆ ಬಣ್ಣ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?

ಈ ಭಯದಿಂದ ಎಣ್ಣೆಯನ್ನೇ ಬಿಟ್ಟವರನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಸರಿಯಾಗಿ ಬಳಸಿದ ಎಣ್ಣೆ ಬಳಿದ ಕೂದಲಿಗೆ ದೊಡ್ಡ ಆಸರೆ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವೂ ನೇರವೂ ಆಗಿರುವುದರಿಂದ ಅವು ಕೂದಲಿನ ಒಳಗೆ ಇಳಿಯುತ್ತವೆ. ತಲೆ ತೊಳೆಯುವ ಮೊದಲು ಹಚ್ಚಿದರೆ ಕೂದಲು ನೀರು ಹೀರಿ ಹಿಗ್ಗುವುದೂ, ಪ್ರೋಟೀನ್ ಕಳೆದುಕೊಳ್ಳುವುದೂ ಕಡಿಮೆಯಾಗುತ್ತದೆ. ಖನಿಜ ತೈಲ ಹಾಗೆ ಒಳಗಿಳಿಯುವುದಿಲ್ಲ, ಮೇಲೆ ಹೊಳಪಷ್ಟೇ ಕೊಡುತ್ತದೆ.

ತೊಡಕಿರುವುದು ಎಣ್ಣೆ ತೆಗೆಯುವ ರೀತಿಯಲ್ಲಿ. ಬುಡದಿಂದ ತುದಿಯವರೆಗೆ ಸುರಿದುಕೊಂಡು, ಅದನ್ನು ಬಿಡಿಸಲು ಮೂರು ಸಲ ಶಾಂಪೂ ಹಾಕಿ ಬಿಸಿನೀರಿನಲ್ಲಿ ತಿಕ್ಕಿದರೆ ಬಣ್ಣ ಉಳಿಯುವುದಿಲ್ಲ. ತುದಿಗೆ ಮಾತ್ರ, ಅಂಗೈ ಒದ್ದೆಯಾಗುವಷ್ಟು ಎಣ್ಣೆಯನ್ನು ತೊಳೆಯುವ ಒಂದೆರಡು ಗಂಟೆ ಮೊದಲು ಹಚ್ಚಿ, ಒಂದೇ ಸಲದ ಶಾಂಪೂವಿನಲ್ಲಿ ತೆಗೆಯಿರಿ. ಗಿಡಮೂಲಿಕೆ ಕುದಿಸಿದ ಗಾಢ ಬಣ್ಣದ ಎಣ್ಣೆಗಳು ತಿಳಿ ಎಳೆಗಳಿಗೆ ತಮ್ಮ ಬಣ್ಣ ಅಂಟಿಸಬಹುದು, ಆದ್ದರಿಂದ ಅವು ಬೇಡ. ಎಣ್ಣೆ ಇರುವ ಕೂದಲಿಗೆ ಇಸ್ತ್ರಿಯ ಬಿಸಿಯೂ ಬೇಡ.

ಪ್ರೋಟೀನ್ ಮಾಸ್ಕ್ ಬೇಕೋ, ತೇವ ಕೊಡುವ ಮಾಸ್ಕ್ ಬೇಕೋ?

ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿ ವಾಪಸು ಬಾರದೆ ಮೆತ್ತಗಾದರೆ ಪ್ರೋಟೀನ್ ಬೇಕು. ಹಿಗ್ಗದೆ ಪಟ್ಟೆಂದು ಮುರಿದರೆ ತೇವ ಬೇಕು. ಪ್ರೋಟೀನನ್ನು ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಬಳಸಿದರೆ ಕೂದಲು ಹುಲ್ಲಿನಂತೆ ಬಿರುಸಾಗುತ್ತದೆ. ಮೆಲೇಯಿಕ್ ಆಮ್ಲದಂಥ ಅಂಶಗಳಿರುವ ಬಾಂಡ್ ಬಿಲ್ಡರುಗಳು ಇವೆರಡಕ್ಕಿಂತ ಬೇರೆ. ಅವು ಬ್ಲೀಚ್ ಹಾಳುಮಾಡಿದ ಒಳಬಂಧಗಳಿಗೆ ಬಲ ಕೊಡಲೆಂದು ರೂಪಿಸಿದವು, ವಾರಕ್ಕೊಮ್ಮೆ ಬಳಸಬಹುದು. ಆದರೆ ಒಮ್ಮೆ ಸೀಳಿದ ತುದಿಯನ್ನು ಯಾವ ಡಬ್ಬಿಯೂ ಮರಳಿ ಬೆಸೆಯುವುದಿಲ್ಲ.

ಮನೆಯಲ್ಲೇ ಟೋನರ್ ಹಚ್ಚಿಕೊಳ್ಳಬಹುದೇ?

ಡೆವಲಪರ್ (ಪೆರಾಕ್ಸೈಡ್ ಇರುವ ದ್ರವ) ಬೆರೆಸುವ ಟೋನರನ್ನು ಮನೆಯಲ್ಲಿ ಹಚ್ಚುವುದಕ್ಕೆ ನಾನು ಸಲಹೆ ಕೊಡುವುದಿಲ್ಲ. ಬಳಿದ ಎಳೆಗಳು ಒಂದೊಂದು ಒಂದೊಂದು ಹಂತದಲ್ಲಿರುತ್ತವೆ, ಹಿಂಬದಿ ನಿಮಗೆ ಕಾಣುವುದಿಲ್ಲ, ತುದಿ ಎರಡೇ ನಿಮಿಷದಲ್ಲಿ ಬಣ್ಣ ಹೀರಿಕೊಳ್ಳುತ್ತದೆ. ಅದರ ಬದಲಿಗೆ ನೇರವಾಗಿ ಬಣ್ಣ ಕೂರಿಸುವ ಕಲರ್ ಮಾಸ್ಕುಗಳನ್ನು ಬಳಸಬಹುದು. ಅವುಗಳಲ್ಲಿ ಪೆರಾಕ್ಸೈಡ್ ಇರುವುದಿಲ್ಲ, ತಪ್ಪಾದರೂ ಕೆಲವು ತೊಳೆತಗಳಲ್ಲಿ ಹೋಗುತ್ತದೆ. ಯಾವ ಬಣ್ಣವನ್ನೇ ಆಗಲಿ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹಿಂದೆ ಏನೂ ಆಗಿರಲಿಲ್ಲ ಎಂಬ ಧೈರ್ಯ ಬೇಡ. ಬಣ್ಣಗಳಲ್ಲಿನ ಪಿಪಿಡಿ (ಕೂದಲ ಬಣ್ಣಗಳಲ್ಲಿ ಬಳಸುವ ರಾಸಾಯನಿಕ) ಯಂಥ ಅಂಶಗಳಿಗೆ ಅಲರ್ಜಿ ವರ್ಷಗಳ ಬಳಕೆಯ ನಂತರವೂ ಹುಟ್ಟಬಹುದು. ಊತ ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ವೈದ್ಯರ ಬಳಿ ಹೋಗಬೇಕು.

ನಡುವೆ ಮದರಂಗಿ ಹಚ್ಚಬಹುದೇ?

ಬೇಡ. ಮದರಂಗಿಯ ಲಾಸೋನ್ ಎಂಬ ಬಣ್ಣ ಕೂದಲಿನ ಪ್ರೋಟೀನಿಗೆ ಗಟ್ಟಿಯಾಗಿ ಅಂಟುತ್ತದೆ. ಕಪ್ಪು ಬುಡದಲ್ಲಿ ನಸುಗೆಂಪಾಗಿ ಕಾಣುವ ಅದೇ ಬಣ್ಣ ಬಳಿದ ಎಳೆಗಳಲ್ಲಿ ಬೆಂಕಿಯಂಥ ಕಿತ್ತಳೆಯಾಗಿ ಬಹುಕಾಲ ಉಳಿಯುತ್ತದೆ. ಲೋಹದ ಲವಣ ಬೆರೆಸಿದ ಕಲಬೆರಕೆ ಪುಡಿಗಳಾಗಿದ್ದರೆ ಮುಂದಿನ ಬ್ಲೀಚಿನೊಂದಿಗೆ ಸೇರಿ ಕೂದಲು ಬಿಸಿಯೇರಿ ಕರಗಿಹೋಗುವ ಅಪಾಯವೂ ಇದೆ. ಈಗಾಗಲೇ ಹಚ್ಚಿಕೊಂಡಿದ್ದರೆ ಆ ವಿಷಯವನ್ನು ಸಲೂನಿನಲ್ಲಿ ಮುಚ್ಚಿಡದೆ ಹೇಳಿ.

ನಿಂಬೆರಸ, ಅಡುಗೆ ಸೋಡಾ, ವಿನೆಗರ್?

ಮೊದಲೆರಡು ಬೇಡ. ನಿಂಬೆರಸ ತೀರಾ ಆಮ್ಲೀಯ, ಬಿಸಿಲಿನೊಂದಿಗೆ ಸೇರಿದರೆ ಎಳೆಗಳನ್ನು ಇನ್ನಷ್ಟು ಒಣಗಿಸಿ ಹಳದಿಯನ್ನು ಎಬ್ಬಿಸುತ್ತದೆ. ಸೋಡಾ ಕ್ಷಾರೀಯವಾದ್ದರಿಂದ ಹೊರಪದರವನ್ನು ಎಬ್ಬಿಸುತ್ತದೆ. ಕೂದಲಿಗೆ ಹಿತವಾದ ಪಿಎಚ್ 4.5ರಿಂದ 5.5ರ ನಡುವಿನದು. ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಅಪರೂಪಕ್ಕೆ ಸುರಿದುಕೊಂಡರೆ ಹೊಳಪು ಬರುತ್ತದೆ, ಆದರೆ ಒಳ್ಳೆಯ ಕಂಡಿಷನರ್ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ.

ಬುಡದಲ್ಲಿ ಬಿಳಿಕೂದಲು ಕಾಣುತ್ತಿದೆ. ಡಬ್ಬಿಯ ಬಣ್ಣ ಹಚ್ಚಲೇ?

ಬಲಯಾಜ್ ಬಿಳಿಕೂದಲನ್ನು ಮುಚ್ಚುವ ವಿಧಾನವಲ್ಲ, ಬೆರೆಸಿ ಮರೆಸುವ ವಿಧಾನ. ಕೆಲವೇ ಬಿಳಿ ಎಳೆಗಳಿದ್ದರೆ ಬೈತಲೆಯ ಗೆರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸುವುದು, ಇಲ್ಲವೇ ತೊಳೆದರೆ ಹೋಗುವ ರೂಟ್ ಪೌಡರ್ ಸವರುವುದು ಸಾಕು. ಡಬ್ಬಿಯ ಗಾಢ ಬಣ್ಣ ತೊಳೆಯುವಾಗ ಕೆಳಗಿಳಿದು ತಿಳಿ ಎಳೆಗಳಿಗೆ ತಾಗಿದರೆ ಅವು ಅದನ್ನು ಹೀರಿ ಕಲೆಕಲೆಯಾಗುತ್ತವೆ. ಅದನ್ನು ತೆಗೆಯಲು ಮತ್ತೆ ಬ್ಲೀಚೇ ಬೇಕಾಗುತ್ತದೆ.

ಮತ್ತೆ ಸಲೂನಿಗೆ ಯಾವಾಗ ಹೋಗಬೇಕು, ಅಲ್ಲಿ ಏನು ಕೇಳಬೇಕು?

ಟೋನರಿಗೆ ಆರರಿಂದ ಎಂಟು ವಾರಕ್ಕೊಮ್ಮೆ, ತುದಿ ಕತ್ತರಿಸಲು ಎರಡು ಮೂರು ತಿಂಗಳಿಗೊಮ್ಮೆ, ಹೊಸದಾಗಿ ಬಳಿಸಲು ನಾಲ್ಕರಿಂದ ಆರು ತಿಂಗಳಿಗೊಮ್ಮೆ ಹೋದರೆ ಸಾಕು. ಬಣ್ಣ ಮಂಕಾದಾಗಲೆಲ್ಲ ಪೂರ್ತಿ ಬಲಯಾಜ್ ಮಾಡಿಸಬೇಕೆಂದಿಲ್ಲ. ಟೋನರ್ ಅಥವಾ ಗ್ಲಾಸ್ (ಹೊಳಪು ಕೊಡುವ ತೆಳುವಾದ ಲೇಪ) ಮಾತ್ರ ಸಾಕೇ ಎಂದು ಮೊದಲು ಕೇಳಿ, ಹಲವು ಸಲ ಅದೇ ಸಾಕಾಗುತ್ತದೆ, ಕೂದಲಿಗೂ ಬ್ಲೀಚಿನ ಹೊಡೆತ ತಪ್ಪುತ್ತದೆ. ಹೊಸದಾಗಿ ಬಳಿಯುವಾಗಲೂ ಹಳೆಯ ತಿಳಿ ಎಳೆಗಳ ಮೇಲೆ ಮತ್ತೆ ಬ್ಲೀಚ್ ಬೀಳದಂತೆ, ಬೆಳೆದ ಭಾಗಕ್ಕೆ ಮಾತ್ರ ಹಚ್ಚುವಂತೆ ಕೇಳಿಕೊಳ್ಳಿ. ಹೋಗುವಾಗ ಬಣ್ಣ ಹೊಸದಾಗಿದ್ದ ದಿನ ಹಗಲು ಬೆಳಕಿನಲ್ಲಿ ತೆಗೆದ ಫೋಟೋ, ಈ ನಡುವೆ ಬಳಸಿದ ಶಾಂಪೂ, ಮಾಸ್ಕುಗಳ ಹೆಸರು, ಎಷ್ಟನೇ ವಾರದಲ್ಲಿ ಕಿತ್ತಳೆ ಕಾಣತೊಡಗಿತು ಎಂಬ ಟಿಪ್ಪಣಿ, ಇಷ್ಟನ್ನು ಜೊತೆಗೊಯ್ದರೆ ಟೋನರಿನ ಛಾಯೆಯನ್ನು ಈ ಸಲ ಎಷ್ಟು ಗಾಢವಾಗಿ ಇಡಬೇಕೆಂದು ನಿರ್ಧರಿಸಲು ಅವರಿಗೆ ಸುಲಭವಾಗುತ್ತದೆ.